ಐದು ಸಾವಿರದ ಒಂದು ಟಿಕ್ ಮಾರ್ಕು

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ನನ್ನ ಹಳೇ ವಾಟ್ಸಾಪ್ ಸ್ಟೇಟಸ್ಸು ತೋರಿಸಿ "ಇವಳೇನು ಸಾಚಾನಾ?" ಅಂತ ಕೇಳೋದು ಬೇಡ. ನಾನೂ ಈ ವ್ಯಾಪಾರ ಮಾಡಿದವಳೇ.

ಎಂಬಿಬಿಎಸ್ ಎರಡನೇ ವರ್ಷದಿಂದ ತುಮಕೂರಿನ ಎಸ್.ಎಸ್. ಪುರಂನಲ್ಲಿ ನಾವು ಮೂವರು ಹುಡುಗಿಯರು ಬಾಡಿಗೆಗೆ ಹಿಡಿದ ಮನೆಯ ಹಾಲಿನಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳ್ತಿದ್ದೆ. ವಾರಕ್ಕೆ ಮೂರು ಸಂಜೆ, ತಿಂಗಳಿಗೆ 1,500 ರೂಪಾಯಿ, ಒಂದು ಬ್ಯಾಚಿಗೆ ಎಂಟು ಹತ್ತು ಮಕ್ಕಳು. ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆ ಇಲ್ಲ. ಗಂಟಲು ಹರಿದುಕೊಂಡು ಪಾಠ ಮಾಡಿದ್ದೀನಿ, ಆ ದುಡ್ಡಲ್ಲಿ ಮೆಸ್ ಬಿಲ್ ಕಟ್ಟಿದ್ದೀನಿ, ಕುಣಿಗಲ್‌ನಲ್ಲಿರೋ ಅಪ್ಪನಿಗೆ ಅಷ್ಟು ಭಾರ ಇಳಿಸಿದ್ದೀನಿ. ದುಡಿಮೆಗೆ ಕೂಲಿ ತಗೊಂಡರೆ ತಪ್ಪೇನು?

ನಾಚಿಕೆ ಆಗೋದು ಸ್ಟೇಟಸ್ಸಿನ ಎರಡನೇ ಸಾಲಿಗೆ. ಟ್ಯೂಷನ್ ವಿವರದ ಕೆಳಗೆ ದಪ್ಪಕ್ಷರದಲ್ಲಿ ಹಾಕ್ತಿದ್ದೆ: "ನೀಟ್ ಮತ್ತು ಸಿಇಟಿ ಅಡ್ಮಿಷನ್ ಗೈಡೆನ್ಸ್, 5,000 ಮಾತ್ರ."

ಆ 'ಮಾತ್ರ' ಅನ್ನೋ ಪದದ ಬಗ್ಗೆಯೇ ಈ ಬರಹ.

2023ರ ಬ್ಯಾಚಿನಲ್ಲಿ ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯೊಬ್ಬಳಿದ್ದಳು. ಒಂದರಿಂದ ಹತ್ತರ ತನಕ ಊರಿನ ಮತ್ತು ಪಕ್ಕದೂರಿನ ಸರ್ಕಾರಿ ಶಾಲೆ, ಅಷ್ಟೂ ವರ್ಷ ಕನ್ನಡ ಮಾಧ್ಯಮ. ಪಿಯುಸಿಗೆ ತುಮಕೂರು. ಮೊದಲ ಎರಡು ತಿಂಗಳು ಇಂಗ್ಲಿಷ್ ಪಾಠ ಅರ್ಥವಾಗದೆ ಅಳ್ತಿದ್ದವಳು ದ್ವಿತೀಯ ಪಿಯುಸಿ ಮುಗಿಯೋ ಹೊತ್ತಿಗೆ ಬ್ಯಾಚಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ನನ್ನನ್ನು 'ಅಕ್ಕ' ಅಂತಿದ್ದಳು.

ಅರ್ಜಿ ಹಾಕುವ ಸಮಯದಲ್ಲಿ ಅವಳ ಅಪ್ಪ ಬಂದರು. ಕೈಯಲ್ಲೊಂದು ಚೀಲ, ಅದರಲ್ಲಿ ಆರು ಎಳನೀರು. "ಡಾಕ್ಟ್ರಮ್ಮ, ಅದೇನೋ ಅಪ್ಲಿಕೇಸನ್ ಹಾಕ್ಬೇಕಂತಲ್ಲ, ವಸಿ ನೋಡವ್ವ. ನಮ್ಗೆ ಅದೆಲ್ಲಾ ಗೊತ್ತಾಗಾಕಿಲ್ಲ."

ನಾನು ಹೇಳಿದೆ, "ಅದು ಬೇರೆ ಪ್ಯಾಕೇಜು ಅಂಕಲ್. ಟ್ಯೂಷನ್ ಫೀಸಲ್ಲಿ ಬರಲ್ಲ. ಐದು ಸಾವಿರ ಆಗುತ್ತೆ."

"ಆಗ್ಲಿ ಕಣವ್ವ, ನೋಡ್ತೀನಿ" ಅಂದರು. ಎಳನೀರು ಇಟ್ಟು ಹೋದರು. ಕೊಬ್ಬರಿ ಬೆಲೆ ಬೀಳ್ತಿದ್ದ ವರ್ಷ ಅದು. ಐದು ಸಾವಿರ ಅಂದರೆ ಹೆಚ್ಚು ಕಮ್ಮಿ ಅರ್ಧ ಕ್ವಿಂಟಾಲ್ ಕೊಬ್ಬರಿ. ಮತ್ತೆ ಆ ವಿಷಯಕ್ಕೆ ಅವರು ಬರಲಿಲ್ಲ. ನಾನೂ ಕೇಳಲಿಲ್ಲ. ಎಳನೀರು ಮಾತ್ರ ಮೂವರೂ ಕುಡಿದೆವು.

ಅವಳ ಅರ್ಜಿ ಯಾವುದೋ ಸೈಬರ್ ಸೆಂಟರ್‌ನಲ್ಲಿ ತುಂಬಿತು. ಹಿಂದೆ ಇಪ್ಪತ್ತು ಜನರ ಕ್ಯೂ, ಪದೇಪದೇ ಕೈಕೊಡುವ ಸರ್ವರ್, ಪ್ರತಿ ಅರ್ಜಿಗೂ ಇಷ್ಟಿಷ್ಟು ಅಂತ ದುಡಿಯುವ ಹುಡುಗ. ಅವನನ್ನು ನಾನು ಬೈಯಲ್ಲ. 'ಗ್ರಾಮೀಣ ಮೀಸಲಾತಿ ಕೋರುತ್ತೀರಾ?' ಅನ್ನೋ ಕಡೆ 'ಇಲ್ಲ' ಅಂತ ಒತ್ತಿದ. 'ಕನ್ನಡ ಮಾಧ್ಯಮ?' ಅಲ್ಲೂ 'ಇಲ್ಲ'. ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿರಲಿಲ್ಲವಂತೆ, ಇಲ್ಲದ್ದನ್ನು ಇದೆ ಅಂದರೆ ಅರ್ಜಿಯೇ ರಿಜೆಕ್ಟ್ ಆಗುತ್ತೇನೋ ಅಂತ ಇಬ್ಬರಿಗೂ ಹೆದರಿಕೆ. ಎರಡು ಟಿಕ್ ಮಾರ್ಕು, ಹತ್ತು ಸೆಕೆಂಡು.

ನನಗೆ ಗೊತ್ತಾಗಿದ್ದು ಸೀಟು ಹಂಚಿಕೆ ನಡೆಯುವಾಗ, ಅವಳು ವೆರಿಫಿಕೇಷನ್ ಸ್ಲಿಪ್ಪಿನ ಫೋಟೋ ಕಳಿಸಿ "ಅಕ್ಕ, ಯಾಕೆ ಯಾವ ಕಾಲೇಜೂ ಬರ್ತಿಲ್ಲ?" ಅಂತ ಕೇಳಿದಾಗ. ತಿದ್ದುವ ಅವಕಾಶ ಮುಗಿದಿತ್ತು. ಕಟ್ ಆಫ್ ಪಟ್ಟಿ ನೋಡಿದವರಿಗೆ ಗೊತ್ತಿರುತ್ತೆ, ಅದರಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಬೇರೆ ಬೇರೆ ಕಲಂ ಇರುತ್ತವೆ. ಜಿ ಅಂದರೆ ಆ ಪ್ರವರ್ಗದ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಜಿ ಕಲಂನಲ್ಲಿ ಅವಳು ಹೊರಗಿದ್ದಳು. ಕೆ ಕಲಂನ ಕೊನೆಯ ರ್‍ಯಾಂಕಿಗೆ ಹೋಲಿಸಿದರೆ ಆರಾಮಾಗಿ ಒಳಗಿದ್ದಳು. ಆದರೆ ಕಂಪ್ಯೂಟರ್ ಅವಳನ್ನು ಆ ಕಲಂನಲ್ಲಿ ಹುಡುಕಲೇ ಇಲ್ಲ. ಕೇಳದವರಿಗೆ ಅದು ಕೊಡುವುದಿಲ್ಲ.

ಈಗ ಅವಳು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ನರ್ಸಿಂಗ್ ಕೀಳು ಅಂತ ಅಲ್ಲ. ವಾರ್ಡಿನಲ್ಲಿ ನಿಂತವರಿಗೆ ಗೊತ್ತು, ಅವರಿಲ್ಲದಿದ್ದರೆ ನಾವು ಇಂಟರ್ನ್‌ಗಳು ಅರ್ಧ ದಿನವೂ ನಡೆಸಲಾರೆವು. ಆದರೆ ಅದು ಅವಳು ಆರಿಸಿಕೊಂಡದ್ದಲ್ಲ. ಅವಳ ಹಕ್ಕಿನ ಸೀಟು ಅವಳ ಕೈತಪ್ಪಿದ್ದು ಮಾರ್ಕ್ಸ್ ಕಮ್ಮಿ ಬಂದು ಅಲ್ಲ, ಓದದೆ ಅಲ್ಲ. ನಾನು ಐದು ಸಾವಿರ ಕೇಳಿದ್ದರಿಂದ.

ಈ ಮಾತನ್ನು ನನ್ನ ಗೆಳತಿಯರ ಹತ್ತಿರ ಹೇಳಿದಾಗ "ನೀನ್ಯಾಕೆ ಅಷ್ಟು ಮೈಮೇಲೆ ಎಳ್ಕೋತೀಯ, ಎಲ್ಲರೂ ತಗೋತಾರೆ" ಅಂದರು. ನಿಜ, ಎಲ್ಲರೂ ತಗೋತಾರೆ. ಅದೇ ನನ್ನ ತಕರಾರು.

ತುಮಕೂರಿಗೆ ಈ ವಿಷಯದಲ್ಲಿ ಒಂದು ಇತಿಹಾಸ ಇದೆ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1991ರಲ್ಲಿ ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ಹುಡುಗಿ ಇಲ್ಲಿನ ಅಗಳಕೋಟೆಯ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಆಗ ಕರ್ನಾಟಕ ಸರ್ಕಾರದ 1989ರ ಅಧಿಸೂಚನೆ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದಂತೆ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಅಷ್ಟು ಕಟ್ಟುವ ಶಕ್ತಿ ಅವಳ ಅಪ್ಪನಿಗೆ ಇರಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪು ಕೊಟ್ಟರು: ಶಿಕ್ಷಣದ ಹಕ್ಕು ಬದುಕುವ ಹಕ್ಕಿನಿಂದಲೇ ಹರಿದು ಬರುತ್ತದೆ, ಕ್ಯಾಪಿಟೇಷನ್ ಫೀ ಅಂದರೆ ಶಿಕ್ಷಣವನ್ನು ಮಾರುವುದೇ.

ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ ಈ ತೀರ್ಪನ್ನು ಸ್ವಲ್ಪ ತಿದ್ದಿತು, ಜೊತೆಗೆ ಖಾಸಗಿ ಕಾಲೇಜುಗಳ ಸೀಟನ್ನು ಮೆರಿಟ್ ಮೇಲೆ ಹಂಚುವ ಒಂದು ವ್ಯವಸ್ಥೆ ಹಾಕಿಕೊಟ್ಟಿತು. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಬಂತು. ಒಂದೇ ಪರೀಕ್ಷೆ, ಒಂದೇ ರ್‍ಯಾಂಕ್ ಪಟ್ಟಿ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಡಾಕ್ಟರು, ಎಂಜಿನಿಯರುಗಳು ಆ ಬಾಗಿಲಿನಿಂದ ಒಳಗೆ ಬಂದವರು. ಇದನ್ನು ಓದುತ್ತಿರುವ ನಿಮ್ಮಲ್ಲೂ ಅನೇಕರು ಹಾಗೇ ಬಂದಿರಬಹುದು.

ಆದರೆ ಆ ತೀರ್ಪಿನ ಕೊನೆಯಲ್ಲಿ ಇನ್ನೊಂದು ಮಾತಿದೆ. ಮೋಹಿನಿ ಜೈನ್‌ಗೆ ಸೀಟು ಸಿಗಲಿಲ್ಲ. ತೀರ್ಪು ಬರೋ ಹೊತ್ತಿಗೆ ಆ ಬ್ಯಾಚಿನ ಪಾಠ ಶುರುವಾಗಿ ವರ್ಷದ ಮೇಲಾಗಿತ್ತು. ಹಕ್ಕು ಇದೆ ಅಂತ ಗೊತ್ತಾಗೋದು ಬೇರೆ, ಅದು ವೇಳೆಗೆ ಸರಿಯಾಗಿ ಕೈಗೆ ಸಿಗೋದು ಬೇರೆ. ಗುಬ್ಬಿಯ ಹುಡುಗಿಗೂ ಆದದ್ದು ಅದೇ.

ನನ್ನ ವಾದ ಇಷ್ಟೇ. ಸೀಟು ಮಾರೋದನ್ನು ತಪ್ಪು ಅಂದ ಊರಲ್ಲಿ ಈಗ ಸೀಟಿನ ದಾರಿ ಮಾರ್ತಿದ್ದೀವಿ. ದಾರಿ ಸಾರ್ವಜನಿಕರದ್ದು, ಗೇಟು ನಮ್ಮದು.

ಮತ್ತೆ ಆ ಗೇಟಿನಲ್ಲಿ ನನ್ನಂಥ ಚಿಲ್ಲರೆ ವ್ಯಾಪಾರಿಗಳಷ್ಟೇ ಇಲ್ಲ. ಮೂರನೇ ವರ್ಷದಲ್ಲಿದ್ದಾಗ ಒಬ್ಬ ಏಜೆಂಟ್ ನನಗೇ ಫೋನ್ ಮಾಡಿದ. "ಮೇಡಂ, ನಿಮ್ ಬ್ಯಾಚಲ್ಲಿ ನೀಟ್ ಆಗದೇ ಇರೋ ಮಕ್ಕಳ ನಂಬರ್ ಕೊಡಿ. ಒಂದು ಅಡ್ಮಿಷನ್‌ಗೆ 25 ಸಾವಿರ ನಿಮ್ದು." ಜಾರ್ಜಿಯಾ, ಕಿರ್ಗಿಸ್ತಾನ್ ಅಂತ ಹೆಸರು ಉದುರಿಸಿದ. ಅಲ್ಲಿ ಓದಿ ಬಂದವರು ಇಲ್ಲಿ ಪ್ರಾಕ್ಟೀಸ್ ಮಾಡೋಕೆ ಬರೆಯಬೇಕಾದ ಪರೀಕ್ಷೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಐದರಲ್ಲಿ ಒಬ್ಬರ ಆಸುಪಾಸು ಮಾತ್ರ ಪಾಸಾಗಿದ್ದಾರೆ. ಅದನ್ನು ಅಪ್ಪ ಅಮ್ಮಂದಿರಿಗೆ ಹೇಳ್ತೀರಾ ಅಂತ ಕೇಳಿದೆ. ಫೋನ್ ಇಟ್ಟ. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗನೊಬ್ಬ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತಾಗ ರಾಜ್ಯವೇ ಅತ್ತಿತು. ಮಕ್ಕಳು ಯಾಕೆ ಅಷ್ಟು ದೂರ ಹೋಗ್ತಾರೆ ಅಂತ ಒಂದು ವಾರ ಟಿವಿಯಲ್ಲಿ ಚರ್ಚೆ ಆಯಿತು. ಏಜೆಂಟರ ಬೋರ್ಡು ಮಾತ್ರ ಯಾರೂ ಇಳಿಸಲಿಲ್ಲ.

ಇನ್ನು ಕುಣಿಗಲ್‌ನಲ್ಲಿ ನಮ್ಮ ಬೀದಿಯ ಹುಡುಗನ ಕಥೆ. ಎಂಜಿನಿಯರಿಂಗ್ ಆಪ್ಷನ್ ಎಂಟ್ರಿಗೆ ಒಬ್ಬ 'ಕೌನ್ಸೆಲರ್' ಹತ್ತಿರ ಹೋದ. ಆತ ಲಾಗಿನ್, ಪಾಸ್‌ವರ್ಡು, ಒಟಿಪಿ ಎಲ್ಲಾ ತಗೊಂಡು "ನೀನು ಟೆನ್ಷನ್ ಮಾಡ್ಕೋಬೇಡ ಕಣೋ, ಸೇಫಾಗಿ ಹಾಕ್ತೀನಿ" ಅಂದ. ಹುಡುಗನ ರ್‍ಯಾಂಕಿಗೆ ಬೆಂಗಳೂರಿನ ಒಳ್ಳೇ ಕಾಲೇಜೇ ಸಿಗ್ತಿತ್ತು. ಮೊದಲನೇ ಆಪ್ಷನ್ ಅಂತ ಆತ ಹಾಕಿದ್ದು ತನಗೆ ಕಮಿಷನ್ ಕೊಡುವ ಕಾಲೇಜು. ಮೊದಲನೆಯದೇ ಸಿಕ್ಕಿತು. 'ಫಸ್ಟ್ ಆಪ್ಷನ್ನೇ ಬಂತು' ಅಂತ ಮನೆಯವರು ಸ್ವೀಟ್ ಹಂಚಿದರು! ಮೋಸ ಹೋದದ್ದೂ ಗೊತ್ತಾಗದ ಹಾಗೆ ಮಾಡೋ ಮೋಸ ಇದು. 2024ರ ನವೆಂಬರಿನಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಬಗ್ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತಾನೇ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಅಂದರೆ ಮಕ್ಕಳ ಲಾಗಿನ್ ಇನ್ನೊಬ್ಬರ ಕೈಗೆ ಹೋದರೆ ಏನಾಗುತ್ತೆ ಅನ್ನೋದು ಗುಟ್ಟೇನಲ್ಲ.

ಹಾಗಾದರೆ ಐದು ಸಾವಿರಕ್ಕೆ ನಾನು ಮಾರುತ್ತಿದ್ದದ್ದು ಏನು? ಇಗೋ, ಇಲ್ಲೇ ಬರೆದು ಕೊಡ್ತೀನಿ, ಪುಕ್ಕಟೆ.

ಒಂದು, ನೀಟ್ ಪಾಸಾದರೆ ಸೀಟು ತಾನಾಗಿ ಬರಲ್ಲ. ನೀಟ್ ನಡೆಸೋದು ದೆಹಲಿಯ ಎನ್‌ಟಿಎ, ರಾಜ್ಯದ ಸೀಟು ಹಂಚೋದು ಬೆಂಗಳೂರಿನ ಕೆಇಎ. ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಸರ್ಕಾರಿ ಕಾಲೇಜುಗಳ 15 ಪರ್ಸೆಂಟ್ ಅಖಿಲ ಭಾರತ ಕೋಟಾ ಬೇಕಿದ್ದರೆ ಎಂಸಿಸಿಯಲ್ಲಿ ಮತ್ತೊಂದು ನೋಂದಣಿ. ಎರಡನೆಯದು, ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತರ ತನಕದ ಅಷ್ಟೂ ವರ್ಷ ಲೆಕ್ಕಕ್ಕೆ. ಏಳನೇ ತನಕ ಹಳ್ಳಿಯಲ್ಲಿ ಓದಿ ಹೈಸ್ಕೂಲಿಗೆ ಗುಬ್ಬಿ ಪೇಟೆಗೋ ಕುಣಿಗಲ್ ಪೇಟೆಗೋ ಬಂದಿದ್ದರೆ ಗ್ರಾಮೀಣ ಹೋಯಿತು, ಕನ್ನಡ ಮಾಧ್ಯಮ ಉಳಿಯಿತು. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಸಹಿ. ಇದನ್ನು ಅರ್ಜಿ ಹಾಕೋ ಹಿಂದಿನ ದಿನ ಹುಡುಕಬೇಡಿ, ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ.

ಮೂರನೆಯದು, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರ್. ಹೆಸರಿನ ಇನಿಶಿಯಲ್ಲು ಮಾರ್ಕ್ಸ್ ಕಾರ್ಡಿಗೂ ಜಾತಿಪತ್ರಕ್ಕೂ ತಾಳೆ ಆಗದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ. ಅದು ಮಾನ್ಯ ಆಗದಿದ್ದರೆ ಮಗು ಜನರಲ್ ಮೆರಿಟ್‌ಗೆ ಬೀಳುತ್ತೆ. ನಾಲ್ಕು, ಆಪ್ಷನ್ ಎಂಟ್ರಿ. "ಸಿಗದೇ ಇರೋದನ್ನ ಮೇಲೆ ಹಾಕಿದ್ರೆ ಚಾನ್ಸ್ ಹೋಯ್ತದೆ" ಅನ್ನೋದು ಶುದ್ಧ ಸುಳ್ಳು. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡ್ತಾ ಬರುತ್ತೆ. ನಿಮ್ಮ ರ್‍ಯಾಂಕಿಗೆ ಸಿಗೋ ಮೊದಲನೆಯದನ್ನು ಕೊಟ್ಟು ನಿಲ್ಲುತ್ತೆ. ಹಾಗಾಗಿ ಆಸೆ ಇರೋ ಕ್ರಮದಲ್ಲೇ ಹಾಕಿ. ಐದು, ಸೀಟು ಬಂದ ಮೇಲೆ ನಾಲ್ಕು ಚಾಯ್ಸು. ಒಂದನೆಯದು ಸೀಟು ಒಪ್ಪಿ ಸೇರೋದು. ಎರಡನೆಯದು ಇದನ್ನು ಇಟ್ಕೊಂಡು ಮುಂದಿನ ಸುತ್ತಿಗೆ ಹೋಗೋದು. ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ನಾಲ್ಕನೆಯದು ಪೂರ್ತಿ ಹೊರಗೆ ಬರೋದು. ಎರಡಕ್ಕೂ ಮೂರಕ್ಕೂ ಇರೋ ವ್ಯತ್ಯಾಸ ಗೊತ್ತಿಲ್ಲದೆ ಕೈಲಿದ್ದ ಸೀಟು ಬಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೀನಿ. ಪ್ರತಿ ವರ್ಷದ ಸೂಚನೆಯನ್ನು ಒಮ್ಮೆ ಓದಿಕೊಳ್ಳಿ, ಸಣ್ಣಪುಟ್ಟ ನಿಯಮ ಬದಲಾಗ್ತಿರುತ್ತೆ. ಕೊನೆಯದಾಗಿ, ಒಟಿಪಿಯನ್ನು ಯಾರಿಗೂ ಕೊಡಬೇಡಿ. ನನಗೂ.

ಮುಗೀತು. ಇಷ್ಟಕ್ಕೇ ಐದು ಸಾವಿರ.

"ಇದೆಲ್ಲ ಬ್ರೋಷರ್‌ನಲ್ಲೇ ಇದೆಯಲ್ಲ, ಓದಿಕೊಳ್ಳಬಹುದಿತ್ತು" ಅಂತ ನಿಮಗೆ ಅನ್ನಿಸಿರಬಹುದು. ಇದೆ, ಕಾನೂನಿನ ಭಾಷೆಯಲ್ಲಿ, ಪುಟಗಟ್ಟಲೆ, ಉಪನಿಯಮಗಳ ಸಮೇತ. ನನ್ನ ಅರ್ಜಿಯ ವೇಳೆ ಅದನ್ನು ನಾನು ಒಬ್ಬಳೇ ಓದಲಿಲ್ಲ. ಮೇಷ್ಟ್ರಾಗಿರೋ ನನ್ನ ಸೋದರಮಾವ ಎರಡು ದಿನ ರಜೆ ಹಾಕಿ ಕುಣಿಗಲ್‌ಗೆ ಬಂದು, ಪೆನ್ಸಿಲ್ ಹಿಡಿದು ಸಾಲು ಸಾಲು ಓದಿ ಹೇಳಿದರು. ನನಗೆ ಸೀಟು ಸಿಕ್ಕಾಗ ಎಲ್ಲರೂ ಮೆರಿಟ್ ಅಂದರು. ನನ್ನ ಮೆರಿಟ್‌ನಲ್ಲಿ ಆ ಪೆನ್ಸಿಲಿನ ಪಾಲು ಎಷ್ಟು ಅಂತ ಯಾರೂ ಕೇಳಲಿಲ್ಲ. ನಿಮಗೂ ಒಬ್ಬ ಮಾವ, ಅಣ್ಣ, ಪಕ್ಕದ ಮನೆ ಅಕ್ಕ ಇದ್ದಿರಬೇಕು, ನೆನಪು ಮಾಡಿಕೊಳ್ಳಿ. ಆ ಹುಡುಗಿಗೆ ಇದ್ದದ್ದು ನಾನು. ನಾನು ರೇಟು ಹೇಳಿದೆ.

ಎರಡನೇ ವಾದ: "ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ." ದಯವಿಟ್ಟು ಈ ಮಾತನ್ನು ತುಮಕೂರಿನಲ್ಲಿ ನಿಂತು ಹೇಳಬೇಡಿ. ಕ್ಯಾತ್ಸಂದ್ರದ ಪಕ್ಕದಲ್ಲೇ ಸಿದ್ಧಗಂಗೆ ಇದೆ. 2019ರ ಜನವರಿ 21ರಂದು ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಮಕ್ಕಳು ಅಲ್ಲಿ ಕಾಸು ಕೊಡದೆ ಉಂಡು, ಮಲಗಿ, ಓದಿ ಹೋದರು, ಈಗಲೂ ಓದುತ್ತಿದ್ದಾರೆ. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ, ಆ ಊಟಕ್ಕೆ ಬೆಲೆ ಇರಲಿಲ್ಲವಾ ಅಂತ.

ಮೂರನೆಯದು: "ಇದು ಸರ್ಕಾರದ ಕೆಲಸ, ನಾವ್ಯಾಕೆ ಮಾಡಬೇಕು?" ಇದನ್ನು ಅರ್ಧ ಒಪ್ಪುತ್ತೇನೆ. ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2020ರಲ್ಲಿ 'ಗೆಟ್‌ಸೆಟ್‌ಗೋ' ಅಂತ ಸಿಇಟಿ, ನೀಟ್‌ಗೆ ಉಚಿತ ಆನ್‌ಲೈನ್ ಪಾಠ ತಂದಿತ್ತು. ಆದರೆ ಸಹಾಯ ಅಂದರೆ ಪಾಠ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಮತದಾರರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಬಾರದು ಅಂತ ಪ್ರತಿ ಬೂತಿಗೂ ಒಬ್ಬ ಬಿಎಲ್‌ಒ ನೇಮಿಸ್ತೀವಿ, ಅವರು ಮನೆ ಬಾಗಿಲಿಗೆ ಬರ್ತಾರೆ. ಪ್ರತಿ ಸರ್ಕಾರಿ ಪಿಯು ಕಾಲೇಜಿಗೆ, ಅರ್ಜಿ ಹಾಕುವ ಒಂದು ತಿಂಗಳ ಮಟ್ಟಿಗಾದರೂ, ತರಬೇತಿ ಪಡೆದ ಒಬ್ಬ ಲೆಕ್ಚರರ್, ಒಂದು ಕಂಪ್ಯೂಟರು, ಒಂದು ಪ್ರಿಂಟರು ಕೊಡೋಕೆ ಎಷ್ಟು ಖರ್ಚು? ಮಕ್ಕಳ ಅರ್ಜಿಯನ್ನು ಒತ್ತುವ ಮೊದಲು ಒಬ್ಬ ದೊಡ್ಡವರು ಓದಿ ಸಹಿ ಹಾಕಲಿ, ಸಾಕು. ಇದನ್ನು ಕೇಳೋಣ, ಜೋರಾಗಿ ಕೇಳೋಣ. ಆದರೆ ಸರ್ಕಾರ ಎದ್ದು ಬರೋ ತನಕ ಈ ವರ್ಷದ ಮಕ್ಕಳು ಕಾಯೋಕಾಗಲ್ಲ. ಅವರ ಕೊನೆಯ ದಿನಾಂಕ ಈ ವರ್ಷದ್ದೇ.

ಈಗ ನಿಮ್ಮ ಸರದಿ. ಹೌದು, ನಿಮ್ಮದೇ. ಶನಿವಾರ ಬೆಳಗ್ಗೆ ನೆಲಮಂಗಲದ ಟೋಲ್ ದಾಟಿ ಊರಿಗೆ ಬಂದು ಭಾನುವಾರ ರಾತ್ರಿ ವಾಪಸ್ ಹೋಗೋರು ನೀವು. ಆಫೀಸಿನಲ್ಲಿ ಹೊಸಬರಿಗೆ 'ಮೆಂಟರ್' ಆಗಿ ಅಂದರೆ ಕ್ಯಾಲೆಂಡರಿನಲ್ಲಿ ಟೈಮ್ ಹುಡುಕ್ತೀರಿ, ಅದನ್ನು ಲಿಂಕ್ಡ್‌ಇನ್‌ನಲ್ಲಿ ಬರೀತೀರಿ. ಊರಲ್ಲಿ ಚಿಕ್ಕಪ್ಪನೋ ಪಕ್ಕದ ಮನೆಯವರೋ "ನಮ್ ಹುಡ್ಗೀದು ವಸಿ ಅಪ್ಲಿಕೇಸನ್ ನೋಡಪ್ಪ" ಅಂದರೆ "ಆನ್‌ಲೈನ್‌ನಲ್ಲೇ ಇದೆ ಚಿಕ್ಕಪ್ಪ, ಈಸಿ" ಅಂತ ಕೈ ತೊಳ್ಕೋತೀರಿ. ನಿಮಗೆ ಈಸಿ. ತೆರಿಗೆ ರಿಟರ್ನ್ಸು, ವೀಸಾ ಅರ್ಜಿ, ಮನೆ ಸಾಲ ಅಂತ ವರ್ಷವಿಡೀ ಫಾರಂ ತುಂಬಿಯೇ ಬದುಕೋರು ನೀವು. ಒಂದು ಮಗುವಿನ ಅರ್ಜಿಗೆ ಎರಡು ಗಂಟೆ ಸಾಕು. ಅದರ ಮೇಲೆ ವರ್ಷಕ್ಕೆ ಹತ್ತು ಲಕ್ಷ ದಾಟುವ ಖಾಸಗಿ ಸೀಟಿಗೂ, ಸರ್ಕಾರಿ ಸೀಟಿಗೂ ಇರುವ ವ್ಯತ್ಯಾಸ ನಿಂತಿರುತ್ತೆ. ತುಮಕೂರು ನಗರದಲ್ಲಿರೋ ಮೆಡಿಕಲ್ ಕಾಲೇಜುಗಳೆಲ್ಲ ಖಾಸಗಿಯವೇ. ಸರ್ಕಾರಿ ಕಾಲೇಜು ಬೇಕೆಂದರೆ ನಮ್ಮ ಮಕ್ಕಳು ಹಾಸನಕ್ಕೋ ಮಂಡ್ಯಕ್ಕೋ ಬೆಂಗಳೂರಿಗೋ ಹೋಗಬೇಕು. ಹಾಗಾಗಿ ಆಪ್ಷನ್ ಪಟ್ಟಿಯ ಒಂದೊಂದು ಸಾಲೂ ನಮ್ಮವರಿಗೆ ಮುಖ್ಯ.

ನಾನೇನೂ ಸಂತಳಾಗಿಲ್ಲ. ಟ್ಯೂಷನ್‌ಗೆ ಈಗಲೂ ಫೀಸು ತಗೋತೀನಿ, ಈಗ 1,800. ಅರ್ಜಿಗೆ ತಗೊಳ್ಳಲ್ಲ. ಸಾಮಾನ್ಯವಾಗಿ ಜನವರಿಯಲ್ಲಿ ಸಿಇಟಿ ಅರ್ಜಿ ಶುರುವಾದ ಮೇಲೆ ಡ್ಯೂಟಿ ಇಲ್ಲದ ಭಾನುವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಒಮ್ಮೆ ಗುಬ್ಬಿ, ಒಮ್ಮೆ ಕುಣಿಗಲ್. ಮಕ್ಕಳೇ ತುಂಬಬೇಕು, ಪಕ್ಕದಲ್ಲಿ ಕೂತು ನೋಡೋದಷ್ಟೇ ನನ್ನ ಕೆಲಸ. ಕಳೆದ ಸಲ ಒಬ್ಬಳೇ ಇದ್ದೆ, ಸಂಜೆ ಆರಾದರೂ ಇನ್ನೂ ಹದಿನಾಲ್ಕು ಜನ ಕಾಯ್ತಿದ್ದರು. ಐದು ಜನಕ್ಕೆ ಮಾತ್ರ ಆಯಿತು. ಉಳಿದ ಒಂಬತ್ತು ಜನ ಎಲ್ಲಿ ತುಂಬಿಸಿದರೋ ಗೊತ್ತಿಲ್ಲ.

ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದೆ. ಬನ್ನಿ.